ದಪ್ಪ ಪರದೆಗಳಿಂದ ಮನೆಯ ಧ್ವನಿಮುದ್ರಣ ಕೋಣೆಯನ್ನು ಹದಗೊಳಿಸುವ ಬಗೆ: ಸಮಗ್ರ ಮಾರ್ಗದರ್ಶಿ

10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ; ಗಾರೆ ಬಳಿದು ಬಣ್ಣ ಹಚ್ಚಿದ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ, ನೆಲಕ್ಕೆ ನುಣುಪಾದ ಟೈಲ್ಸ್. ನಮ್ಮ ಊರುಗಳ ಈಚಿನ ಮನೆಗಳಲ್ಲಿ ಮಲಗುವ ಕೋಣೆ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಮತ್ತು ಪಾಡ್‌ಕಾಸ್ಟ್, ಕಥಾವಾಚನ ಅಥವಾ ಸುಗಮ ಸಂಗೀತದ ಹಾಡುಗಾರಿಕೆಯನ್ನು ಮನೆಯಲ್ಲೇ ಮುದ್ರಿಸಿಕೊಳ್ಳಬೇಕೆನ್ನುವವರಿಗೆ ಸಿಗುವುದೂ ಸಾಮಾನ್ಯವಾಗಿ ಇಂಥದೊಂದು ಕೋಣೆಯೇ. ಇದರ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆಯೇ ತಂತಿ ಮೀಟಿದಂತಹ ಒಂದು ಝಣಝಣ ಕೇಳಿಸುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುವುದರಿಂದ ಆಗುವ ಕಂಪಿತ ಪ್ರತಿಧ್ವನಿ ಅದು. ಮೈಕಿನ ಮುಂದೆ ನೀವು ಎಷ್ಟೇ ಸ್ಫುಟವಾಗಿ ಮಾತನಾಡಿದರೂ ಆ ಝಣಝಣ ಪ್ರತಿ ಪದದ ಬೆನ್ನಿಗೆ ಅಂಟಿಕೊಂಡು ಬರುತ್ತದೆ, ಮತ್ತು ಒಮ್ಮೆ ಮುದ್ರಣದೊಳಗೆ ಸೇರಿದ ಮೇಲೆ ಅದನ್ನು ಬಿಡಿಸಿ ತೆಗೆಯುವುದು ಬಹಳ ಕಷ್ಟ.

ಇದಕ್ಕೆ ಬಹುಜನರು ಮಾಡುವ ಮೊದಲ ಉಪಾಯ, ಅಂಗಡಿಯಲ್ಲಿ ಸಿಗುವ ದಪ್ಪ ಪರದೆಯೊಂದನ್ನು ತಂದು ಗೋಡೆಗೆ ತಾಗಿಸಿ ತೂಗುಹಾಕುವುದು. ನಾನೂ ಅದನ್ನೇ ಮಾಡಿದ್ದೆ. ಬಟ್ಟೆಯನ್ನು ಬಿಗಿಯಾಗಿ ಎಳೆದು, ಸುಕ್ಕಿಲ್ಲದಂತೆ, ಗೋಡೆಗೆ ಮೊಳೆ ಹೊಡೆದು ಅಂಟಿಸಿದ್ದೆ. ನೋಡಲು ಅಂದವಾಗಿತ್ತು, ಕೇಳಲು ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಅದೇ ಬಟ್ಟೆಗೆ ನೆರಿಗೆ ಕೊಟ್ಟು, ಗೋಡೆಯಿಂದ ಗೇಣುದ್ದ ಮುಂದಕ್ಕೆ ತಂದು ತೂಗಿಬಿಟ್ಟಾಗ ಕೋಣೆಯ ದನಿಯೇ ಬೇರೆಯಾಯಿತು. ಪರದೆಯ ವಿಷಯದಲ್ಲಿ ಬಟ್ಟೆಯ ಬೆಲೆಗಿಂತ ಅದರ ತೂಕ, ನೆರಿಗೆ ಮತ್ತು ಗೋಡೆಯಿಂದ ಬಿಟ್ಟ ಅಂತರ ಹೆಚ್ಚು ಮುಖ್ಯ. ಈ ಮೂರನ್ನು ಸರಿಯಾಗಿ ಹೊಂದಿಸುವುದು ಹೇಗೆ ಎಂಬುದನ್ನು ಮೇಲೆ ಹೇಳಿದ ಕೋಣೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುತ್ತೇನೆ.

ಪರದೆಯಿಂದ ಏನಾಗದು

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಸದ್ದನ್ನು ಹೀರುವುದು ಬೇರೆ, ಸದ್ದನ್ನು ತಡೆಯುವುದು ಬೇರೆ. ಪರದೆ ಕೋಣೆಯೊಳಗೆ ಹುಟ್ಟಿದ ಸದ್ದು ಪುಟಿದು ಮರಳುವುದನ್ನು ಕಡಿಮೆ ಮಾಡುತ್ತದೆ. ಬೀದಿಯ ಆಟೋ ಸದ್ದು ಒಳಗೆ ಬರುವುದನ್ನಾಗಲಿ, ನಿಮ್ಮ ಹಾಡು ಪಕ್ಕದ ಮನೆಗೆ ಹೋಗುವುದನ್ನಾಗಲಿ ತಡೆಯಲಾರದು. ತಡೆಯುವುದಕ್ಕೆ ಬೇಕಾದದ್ದು ಭಾರ ಮತ್ತು ಸಂದಿಯಿಲ್ಲದ ಮುಚ್ಚಳ. 4 ಮಿಲಿಮೀಟರ್ ದಪ್ಪದ ಕಿಟಕಿ ಗಾಜು ಚದರ ಮೀಟರಿಗೆ 10 ಕಿಲೋ ತೂಗುತ್ತದೆ. ಒಳ್ಳೆಯ ದಪ್ಪ ಪರದೆ ನೆರಿಗೆ ಸೇರಿಯೂ ಒಂದೂಕಾಲು ಕಿಲೋ ಆಸುಪಾಸು. 10 ಕಿಲೋದ ಗಾಜನ್ನು ದಾಟಿ ಬಂದ ಸದ್ದಿಗೆ ಒಂದೂಕಾಲು ಕಿಲೋದ ಬಟ್ಟೆ ಯಾವ ಲೆಕ್ಕ? ‘ಸೌಂಡ್‌ಪ್ರೂಫ್’ ಎಂದು ಹೆಸರಿಟ್ಟು ಮಾರುವ ಪರದೆಗಳ ಬಗ್ಗೆ ಈ ಕಾರಣಕ್ಕೆ ಎಚ್ಚರವಿರಲಿ. ಹೊರಗಿನ ಸದ್ದೇ ನಿಮ್ಮ ಮುಖ್ಯ ತೊಂದರೆಯಾಗಿದ್ದರೆ ಕಿಟಕಿ ಬಾಗಿಲುಗಳ ಸಂದಿಗೆ ರಬ್ಬರ್ ಪಟ್ಟಿ ಹಾಕಿಸುವುದರಿಂದ ಆರಂಭಿಸಿ, ಅಥವಾ ಊರು ಮಲಗಿದ ಮೇಲೆ ಮುದ್ರಿಸಿ.

ಬಟ್ಟೆ ಸದ್ದನ್ನು ಹೀರುವ ರೀತಿ

ಸದ್ದು ಎಂದರೆ ಗಾಳಿಯ ಕಣಗಳ ಹಿಂದುಮುಂದಿನ ಓಲಾಟ. ಆ ಗಾಳಿ ಬಟ್ಟೆಯ ನೂಲುಗಳ ನಡುವಿನ ಸಣ್ಣ ಸಣ್ಣ ರಂಧ್ರಗಳಲ್ಲಿ ತೂರಿ ಹೋಗಿಬರುವಾಗ ಘರ್ಷಣೆಯಿಂದ ಅದರ ಶಕ್ತಿ ಅತ್ಯಲ್ಪ ಪ್ರಮಾಣದ ಶಾಖವಾಗಿ ಕರಗುತ್ತದೆ. ಗಾಳಿ ಓಲಾಡದೆ ನಿಂತಲ್ಲಿ ಘರ್ಷಣೆಯೂ ಇಲ್ಲ. ಗಟ್ಟಿ ಗೋಡೆಯ ಮೈಮೇಲೆ ಗಾಳಿಯ ಕಣಗಳಿಗೆ ಅಲುಗಾಡಲು ಎಡೆಯೇ ಇರುವುದಿಲ್ಲ. ಅವುಗಳ ಓಲಾಟ ಗರಿಷ್ಠವಾಗುವುದು ಗೋಡೆಯಿಂದ ಕಾಲು ತರಂಗಾಂತರದಷ್ಟು ದೂರದಲ್ಲಿ. ಆದ್ದರಿಂದ ಗೋಡೆಗೆ ಅಂಟಿದ ಬಟ್ಟೆ ಗಾಳಿ ಚಲಿಸದ ಜಾಗದಲ್ಲಿ ಬಲೆ ಬೀಸಿದಂತೆ.

ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಎಂದು ಹಿಡಿದರೆ, 1000 ಹರ್ಟ್ಸ್ (ಹರ್ಟ್ಸ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಅಳತೆ) ಸ್ವರದ ಕಾಲು ತರಂಗಾಂತರ 8.6 ಸೆಂಟಿಮೀಟರ್, 500 ಹರ್ಟ್ಸ್‌ಗೆ 17 ಸೆಂಟಿಮೀಟರ್, 100 ಹರ್ಟ್ಸ್‌ಗೆ 86 ಸೆಂಟಿಮೀಟರ್. ಗೋಡೆಯಿಂದ 15 ಸೆಂಟಿಮೀಟರ್, ಅಂದರೆ 6 ಅಂಗುಲ, ದೂರದಲ್ಲಿ ತೂಗಿದ ಪರದೆ 570 ಹರ್ಟ್ಸ್ ಆಸುಪಾಸಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದೇ ಪರದೆಯನ್ನು ಚಪ್ಪಟೆಯಾಗಿ ಬಿಟ್ಟರೆ, ಅರ್ಧ ತರಂಗಾಂತರ 15 ಸೆಂಟಿಮೀಟರ್ ಆಗುವ 1140 ಹರ್ಟ್ಸ್ ಹತ್ತಿರ ಗಾಳಿಯ ಓಲಾಟ ಮತ್ತೆ ಸೊನ್ನೆಯಾಗಿ, ಗೋಡೆಗೆ ನೇರವಾಗಿ ಬರುವ ಸದ್ದಿನ ಮಟ್ಟಿಗೆ ಹೀರಿಕೆ ಕುಸಿಯುತ್ತದೆ. ನೆರಿಗೆಯ ಮಹತ್ವ ಇಲ್ಲಿದೆ. ನೆರಿಗೆ ಹಾಕಿದ ಬಟ್ಟೆಯ ಒಂದು ಭಾಗ ಗೋಡೆಗೆ 4 ಅಂಗುಲ ದೂರದಲ್ಲಿದ್ದರೆ ಇನ್ನೊಂದು ಭಾಗ 8 ಅಂಗುಲ ದೂರದಲ್ಲಿರುತ್ತದೆ, ಹಾಗಾಗಿ ಒಂದು ಭಾಗ ಕೈಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಜೊತೆಗೆ ಅಷ್ಟೇ ಗೋಡೆಗೆ ಎರಡರಷ್ಟು ಬಟ್ಟೆ ದಕ್ಕುತ್ತದೆ.

ಶ್ರವಣವಿಜ್ಞಾನದ ಪಠ್ಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹೀರಿಕೆ ಗುಣಾಂಕಗಳು ಇದನ್ನೇ ಅಂಕಿಗಳಲ್ಲಿ ತೋರಿಸುತ್ತವೆ. ಪೂರ್ತಿ ಹೀರಿದರೆ 1, ಏನೂ ಹೀರದಿದ್ದರೆ 0. ಚದರ ಮೀಟರಿಗೆ ಸುಮಾರು 340 ಗ್ರಾಂ ತೂಗುವ ತೆಳು ಪರದೆಯನ್ನು ಗೋಡೆಗೆ ತಾಗಿಸಿ ನೇರವಾಗಿ ಬಿಟ್ಟರೆ 500 ಹರ್ಟ್ಸ್‌ನಲ್ಲಿ 0.11, 1000 ಹರ್ಟ್ಸ್‌ನಲ್ಲಿ 0.17. ಚದರ ಮೀಟರಿಗೆ ಸುಮಾರು 610 ಗ್ರಾಂ ತೂಗುವ ಮಖಮಲ್ಲನ್ನು ಅರ್ಧ ಅಗಲಕ್ಕೆ ನೆರಿಗೆ ಕೂಡಿಸಿ ತೂಗಿದರೆ 125 ಹರ್ಟ್ಸ್‌ನಲ್ಲಿ 0.14, 250ರಲ್ಲಿ 0.35, 500ರಲ್ಲಿ 0.55, 1000ದಲ್ಲಿ 0.72, 2000ದಲ್ಲಿ 0.70. ಗಾರೆ ಗೋಡೆಯ ಗುಣಾಂಕ 1000 ಹರ್ಟ್ಸ್‌ನಲ್ಲಿ 0.03ರಷ್ಟು ಮಾತ್ರ. ಆದರೆ ಮಖಮಲ್ಲಿನ ಸಾಲಿನ ಮೊದಲ ಅಂಕಿಯನ್ನು ಮರೆಯಬೇಡಿ. 125 ಹರ್ಟ್ಸ್‌ನಲ್ಲಿ ಪರದೆ ಬಹುಮಟ್ಟಿಗೆ ಅಸಹಾಯಕ, ಮತ್ತು ಅದರ ಪರಿಣಾಮವನ್ನು ನಾವು ಮುಂದೆ ಎದುರಿಸಬೇಕಾಗುತ್ತದೆ.

ಎಷ್ಟು ಬಟ್ಟೆ ಬೇಕು

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಕೋಣೆಯೊಂದರಲ್ಲಿ ಮಾತೇ ಅರ್ಥವಾಗದಷ್ಟು ಅನುರಣನ, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಮೊರೆತ, ಇತ್ತು. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಹೊತ್ತ ವ್ಯಾಲೇಸ್ ಸಬೈನ್ ಎಂಬ ತರುಣ ಭೌತವಿಜ್ಞಾನಿ ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿಹೊತ್ತು ಹೊತ್ತು ತಂದು, ಆರ್ಗನ್ ಕೊಳವೆಯ ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆಂದು ಅಳೆದು, ಕೊನೆಗೆ ಒಂದು ಸರಳ ಸೂತ್ರಕ್ಕೆ ಬಂದ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ ಒಟ್ಟು ಹೀರಿಕೆಯಿಂದ (ಪ್ರತಿ ಮೈಯ ಚದರ ಮೀಟರನ್ನು ಅದರ ಗುಣಾಂಕದಿಂದ ಗುಣಿಸಿ ಕೂಡಿದ್ದು) ಭಾಗಿಸಿದರೆ ಅನುರಣನ ಕಾಲ, ಅಂದರೆ ಸದ್ದು ಅಡಗಲು ಹಿಡಿಯುವ ಹೊತ್ತು, ಸೆಕೆಂಡುಗಳಲ್ಲಿ ಸಿಗುತ್ತದೆ. ಸಣ್ಣ ಕೋಣೆಗಳಲ್ಲಿ, ವಿಶೇಷವಾಗಿ ಕೆಳದನಿಗಳಿಗೆ, ಈ ಸೂತ್ರ ಕರಾರುವಾಕ್ಕಲ್ಲ. ಆದರೂ ಬಟ್ಟೆ ಕೊಳ್ಳುವ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಸಾಧನ ಬೇಡ.

ನಮ್ಮ ಕೋಣೆಯ ಘನ ಅಳತೆ 34 ಘನ ಮೀಟರ್. ನೆಲ, ತಾರಸಿ, ಗೋಡೆಗಳೆಲ್ಲ ಸೇರಿ ಸುಮಾರು 63 ಚದರ ಮೀಟರ್ ಮೈ. ಎಲ್ಲವೂ 0.03 ಎಂದಿಟ್ಟುಕೊಂಡರೆ ಒಟ್ಟು ಹೀರಿಕೆ 1.9, ಅನುರಣನ ಕಾಲ 1000 ಹರ್ಟ್ಸ್‌ನಲ್ಲಿ 2.9 ಸೆಕೆಂಡು. ಒಬ್ಬ ಮನುಷ್ಯ, ಮೇಜು, ಕುರ್ಚಿ ಸೇರಿದರೆ ಇನ್ನಷ್ಟು ತಗ್ಗುತ್ತದೆ. ಮಾತಿನ ಮುದ್ರಣಕ್ಕೆ ಬೇಕಾದದ್ದು 0.3ರಿಂದ 0.4 ಸೆಕೆಂಡು. ಒಂದಕ್ಕೊಂದು ತಾಗಿದ ಎರಡು ಗೋಡೆಗಳಿಗೆ, ಅಂದರೆ ಒಂದು 10 ಅಡಿಯ ಗೋಡೆ ಮತ್ತು ಒಂದು 12 ಅಡಿಯ ಗೋಡೆಗೆ, 9 ಅಡಿ ಎತ್ತರದ ದಪ್ಪ ಪರದೆ ಹಾಕಿದರೆ 18.4 ಚದರ ಮೀಟರ್ ಮುಚ್ಚುತ್ತದೆ. ಒಟ್ಟು ಹೀರಿಕೆ 15ರ ಹತ್ತಿರ ಹೋಗಿ, ಅನುರಣನ ಕಾಲ 0.37 ಸೆಕೆಂಡಿಗೆ ಇಳಿಯುತ್ತದೆ. ನಾಲ್ಕೂ ಗೋಡೆಗಳನ್ನು ಮುಚ್ಚಬೇಕಾಗಿಲ್ಲ, ಮುಚ್ಚಲೂಬಾರದು. ತಾಗಿದ ಎರಡು ಗೋಡೆಗಳನ್ನು ಆರಿಸಿಕೊಳ್ಳುವುದರಿಂದ ಎದುರುಬದುರಾದ ಪ್ರತಿ ಜೋಡಿಯಲ್ಲೂ ಒಂದು ಗೋಡೆ ಮೆತ್ತಗಾಗುತ್ತದೆ, ಸದ್ದು ಪುಟಿಯುವ ಆಟ ಎರಡು ದಿಕ್ಕಿನಲ್ಲೂ ನಿಲ್ಲುತ್ತದೆ. ಎದುರುಬದುರಿನ ಎರಡು ಗೋಡೆಗಳಿಗೇ ಹಾಕಿದರೆ ಉಳಿದ ಜೋಡಿ ಹಾಗೆಯೇ ಝಣಗುಟ್ಟುತ್ತಿರುತ್ತದೆ.

ಮೊದಲ ಹಂತ: ಬಟ್ಟೆಯ ಆಯ್ಕೆ

ಪರದೆ ಬಟ್ಟೆಯ ತೂಕವನ್ನು ಅಂಗಡಿಯವರು ಜಿಎಸ್‌ಎಂ ಎನ್ನುತ್ತಾರೆ, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು. ನಿಮಗೆ ಬೇಕಾದದ್ದು 500ರಿಂದ 600. ಚೀಟಿಯ ಮೇಲೆ ಬರೆದದ್ದನ್ನು ನಂಬುವ ಬದಲು 10 ಸೆಂಟಿಮೀಟರ್ ಚೌಕದ ಒಂದು ಮಾದರಿ ತುಂಡು ಕೇಳಿ ತಂದು, ಗ್ರಾಮಿನ ಭಾಗವನ್ನೂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಿ ನೂರರಿಂದ ಗುಣಿಸಿ. 6 ಗ್ರಾಂ ಬಂದರೆ ಅದು 600 ಜಿಎಸ್‌ಎಂ. ಬಳಿಕ ಅದೇ ತುಂಡನ್ನು ಬಾಯಿಗೆ ಒತ್ತಿ ಹಿಡಿದು ಊದಬೇಕು. ಗಾಳಿ ಸಲೀಸಾಗಿ ದಾಟಿದರೆ ಬಟ್ಟೆ ತೀರ ಸಡಿಲು, ಘರ್ಷಣೆ ಸಾಲದು. ಏನು ಮಾಡಿದರೂ ದಾಟದಿದ್ದರೆ ಹಿಂಬದಿಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಲೇಪವಿದೆ ಎಂದರ್ಥ. ಬೆಳಕು ತಡೆಯಲು ಮಾಡಿದ ಬ್ಲ್ಯಾಕೌಟ್ ಪರದೆಗಳಲ್ಲಿ ಹಲವು ಇಂಥವು, ಇವು ಮೇಲ್ದನಿಗಳನ್ನು ಹೀರುವ ಬದಲು ಹಿಂದಕ್ಕೆ ಎಸೆಯುತ್ತವೆ. ಸ್ವಲ್ಪ ಬಲ ಹಾಕಿ ಊದಿದಾಗ ಆಚೆಬದಿಯ ಬೆರಳಿಗೆ ಉಸಿರಿನ ಬಿಸಿ ತಾಗಿದರೆ ಅದು ನಿಮಗೆ ಬೇಕಾದ ಬಟ್ಟೆ.

ಮನೆಬಳಕೆಯ ಮಖಮಲ್ಲು ಹೆಚ್ಚಾಗಿ 300ರಿಂದ 350 ಜಿಎಸ್‌ಎಂ ಸಿಗುತ್ತದೆ. ಅದನ್ನೇ ಎರಡು ಪದರವಾಗಿ ತೂಗಿದರೂ ಕೆಲಸ ನಡೆಯುತ್ತದೆ, ಪದರಗಳ ನಡುವೆ ಎರಡು ಮೂರು ಅಂಗುಲ ಅಂತರವಿದ್ದರೆ ಇನ್ನೂ ಒಳ್ಳೆಯದು. ಹಿಂದಿನ ಪದರಕ್ಕೆ ನನ್ನ ಮೆಚ್ಚುಗೆ ಕಂಬಳಿಗೆ. ದಖ್ಖನಿ ಕುರಿಯ ಉಣ್ಣೆಯಲ್ಲಿ ಕೈಯಿಂದ ನೇಯ್ದ ಕರಿ ಕಂಬಳಿ ಒರಟು, ಭಾರ, ಗಾಳಿಯಾಡುವಂಥದ್ದು. ಸದ್ದು ಹೀರಲು ಬೇಕಾದ ಎಲ್ಲ ಗುಣಗಳೂ ಅದರಲ್ಲಿವೆ, ಮೇಲಾಗಿ ಉಣ್ಣೆ ಹತ್ತಿಯಂತೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಗಳಿದ್ದರೆ ಅವೂ ಇದೇ ಕೆಲಸಕ್ಕೆ ಬರುತ್ತವೆ. ಪರದೆಯ ಹಿಂದೆ ಅಜ್ಜಿಯ ಕೌದಿ ಇದೆಯೆಂದು ಕೇಳುಗರಿಗೆ ಗೊತ್ತಾಗುವುದಿಲ್ಲ.

ಎರಡನೆಯ ಹಂತ: ಅಳತೆ ಮತ್ತು ಹೊಲಿಗೆ

ಪರದೆ ಬಟ್ಟೆಯ ಸಾಮಾನ್ಯ ಪನ್ನ 54 ಅಂಗುಲ. ಅದನ್ನು 24 ಅಂಗುಲ ಗೋಡೆಗೆ ಒಂದು ತುಂಡಿನಂತೆ ಹಂಚಿದರೆ ಅಂಚಿನ ಮಡಿಕೆ ಕಳೆದೂ ಎರಡರಷ್ಟು ನೆರಿಗೆ ಉಳಿಯುತ್ತದೆ. ಹೀಗೆ 10 ಅಡಿಯ ಗೋಡೆಗೆ 5 ತುಂಡು, 12 ಅಡಿಯ ಗೋಡೆಗೆ 6 ತುಂಡು. ಪರದೆಯ ಇಳಿತ 9 ಅಡಿ. ಮೇಲಿನ ಪಟ್ಟಿ ಮತ್ತು ಕೆಳಗಿನ ಮಡಿಕೆಗೆಂದು ಇನ್ನೊಂದು ಅಡಿ ಸೇರಿಸಿ ಪ್ರತಿ ತುಂಡಿಗೆ 3.05 ಮೀಟರ್ ಕತ್ತರಿಸಬೇಕು. 11 ತುಂಡುಗಳಿಗೆ ಒಟ್ಟು 33 ಮೀಟರ್ 55 ಸೆಂಟಿಮೀಟರ್; 34 ಮೀಟರ್ ಕೊಳ್ಳಿ. 600 ಜಿಎಸ್‌ಎಂ ಬಟ್ಟೆಯಾದರೆ ಪ್ರತಿ ತುಂಡು ಸುಮಾರು ಎರಡೂವರೆ ಕಿಲೋ, ಎಲ್ಲ ಸೇರಿ ಇಪ್ಪತ್ತೇಳು ಇಪ್ಪತ್ತೆಂಟು ಕಿಲೋ ತೂಗುತ್ತದೆ. ಹತ್ತಿ ಬಟ್ಟೆಯಾಗಿದ್ದರೆ ನೆನೆಸಿದಾಗ ಕುಗ್ಗುವುದರಿಂದ ಹೊಲಿಸುವ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸಬೇಕು, ಮತ್ತು ಅದಕ್ಕೆಂದು ತುಸು ಹೆಚ್ಚು ಕೊಳ್ಳಬೇಕು.

ಟೈಲರಿಗೆ ಎರಡು ವಿಷಯ ಸ್ಪಷ್ಟವಾಗಿ ಹೇಳಿ. ಅಸ್ತರು ಹಾಕುವುದು ಬೇಡ. ಬಹಳಷ್ಟು ಅಸ್ತರು ಬಟ್ಟೆಗಳು ನುಣುಪಾಗಿ, ಒತ್ತಾಗಿ ನೇಯ್ದಿರುತ್ತವೆ. ಮೇಲಂಚಿಗೆ ದೊಡ್ಡ ಕಣ್ಣಿನ ಲೋಹದ ಐಲೆಟ್ ಹಾಕಿಸಿ. ಐಲೆಟ್ ಪರದೆ ಸರಳಿನ ಮೇಲೆ ತಾನಾಗಿಯೇ ಹಾವಿನಂತೆ ಹೊರಳಿ, ಒಂದೇ ಸಮನಾದ ಆಳವಾದ ನೆರಿಗೆ ಕೊಡುತ್ತದೆ. ಪರದೆಯ ಕೆಳ ಅಂಚು ನೆಲದಿಂದ ಅರ್ಧ ಅಂಗುಲ ಮೇಲಿದ್ದರೆ ಸಾಕು, ನೆಲ ಒರೆಸುವಾಗ ಒದ್ದೆಯಾಗುವುದಿಲ್ಲ.

ಮೂರನೆಯ ಹಂತ: ಸರಳು ಕೂರಿಸುವುದು

ಕಿಟಕಿಗೆಂದು ಮಾರುವ ತೆಳು ಪರದೆ ರಾಡು ಈ ಭಾರಕ್ಕೆ ನಡುವೆ ಜೋತುಬೀಳುತ್ತದೆ. 19 ಅಥವಾ 25 ಮಿಲಿಮೀಟರ್ ವ್ಯಾಸದ ಸ್ಟೀಲ್ ಪೈಪ್ ಬಳಸಿ. ಕರಾವಳಿಯಲ್ಲಾದರೆ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಯೋಚಿಸಬೇಡಿ, ಉಪ್ಪುಗಾಳಿಗೆ ಉಳಿದ ಕಬ್ಬಿಣ ಬೇಗ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಐಲೆಟ್‌ಗಳು ನಡುವಿನ ಬ್ರ್ಯಾಕೆಟನ್ನು ದಾಟಿ ಹೋಗಲಾರವು. ಆದ್ದರಿಂದ ಎರಡಡಿಗೆ ಒಂದು ಬ್ರ್ಯಾಕೆಟ್ ಹಾಕಿ, ಎರಡು ಬ್ರ್ಯಾಕೆಟ್‌ಗಳ ನಡುವೆ ಒಂದು ತುಂಡು ಬರುವಂತೆ ಪೈಪಿಗೆ ಪೋಣಿಸುತ್ತಾ ಹೋಗಬೇಕು. ಇದರಿಂದ ಭಾರವೂ ಸಮನಾಗಿ ಹಂಚಿಹೋಗುತ್ತದೆ.

ಬ್ರ್ಯಾಕೆಟಿನ ತೋಳು ಗೋಡೆಯಿಂದ ಪೈಪಿನ ನಡುವಿನವರೆಗೆ 8 ಅಂಗುಲ ಇರಲಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವವು ಮೂರು ನಾಲ್ಕು ಅಂಗುಲದವು. ಶೆಲ್ಫ್ ಹಲಗೆಗೆ ಬಳಸುವ ಎಲ್ ಆಕಾರದ ಬ್ರ್ಯಾಕೆಟ್ ತಂದು ಅದರ ತುದಿಗೆ ಪೈಪಿನ ಕ್ಲಾಂಪ್ ಬಿಗಿದುಕೊಂಡರೆ ಅಗ್ಗದಲ್ಲಿ ಕೆಲಸವಾಗುತ್ತದೆ. 8 ಮಿಲಿಮೀಟರ್ ಪ್ಲಗ್ ಮತ್ತು ತಕ್ಕ ಉದ್ದದ ಸ್ಕ್ರೂ ಬಳಸಬೇಕು. ಪ್ಲಗ್ ಇಟ್ಟಿಗೆಯೊಳಗೆ ಕೂರಬೇಕೇ ಹೊರತು ಗಾರೆಯಲ್ಲಿ ಅಲ್ಲ, ಏಕೆಂದರೆ ತೋಳು ಉದ್ದವಾದಷ್ಟೂ ಮೇಲಿನ ಸ್ಕ್ರೂವಿನ ಮೇಲೆ ಎಳೆತ ಹೆಚ್ಚು. ತೂತು ಕೊರೆಯುವ ಮೊದಲು ಸ್ವಿಚ್ ಬೋರ್ಡಿನಿಂದ ಮೇಲಕ್ಕೆ ಗೋಡೆಯೊಳಗೆ ಹೋಗುವ ವೈರಿನ ಪೈಪು ಎಲ್ಲಿದೆಯೆಂದು ಗುರುತಿಸಿಕೊಂಡು, ಮೇನ್ ಸ್ವಿಚ್ ಆರಿಸುವುದನ್ನು ಮರೆಯಬೇಡಿ. ಬಾಡಿಗೆ ಮನೆಯವರು ಗೋಡೆ ಮುಟ್ಟದೆ, ನೆಲದ ಮೇಲೆ ನಿಲ್ಲುವ ಪೈಪಿನ ಚೌಕಟ್ಟು ಮಾಡಿಸಿಕೊಳ್ಳಬಹುದು. ಶಾಮಿಯಾನದವರು ವೇದಿಕೆಯ ಹಿಂದೆ ನಿಲ್ಲಿಸುವಂಥದ್ದು.

ಪರದೆಯ ಹಿಂದೆ ಎಕ್ಸ್‌ಟೆನ್ಷನ್ ಬೋರ್ಡು, ಚಾರ್ಜರು, ಬಿಸಿಯಾಗುವ ದೀಪ ಯಾವುದೂ ಇರಕೂಡದು. ಕೋಣೆಯ ಮೂಲೆಯಲ್ಲಿ ದೇವರ ದೀಪ ಹಚ್ಚುವ ರೂಢಿಯಿದ್ದರೆ ಅದನ್ನು ಬೇರೆ ಕೋಣೆಗೆ ಸ್ಥಳಾಂತರಿಸಿ. 34 ಮೀಟರ್ ಬಟ್ಟೆ ತೂಗಿರುವ ಕೋಣೆಯಲ್ಲಿ ಬೆಂಕಿಯ ವಿಷಯದಲ್ಲಿ ಸಡಿಲಿಕೆ ಸಲ್ಲದು. ತಾರಸಿಯಿಂದ ಬಟ್ಟೆ ಇಳಿಬಿಡುವ ಯೋಚನೆಯನ್ನೂ ಫ್ಯಾನು ಇರುವ ಕೋಣೆಯಲ್ಲಿ ಕೈಬಿಡಿ.

ನಾಲ್ಕನೆಯ ಹಂತ: ಮೈಕು ಮತ್ತು ಮನುಷ್ಯನ ಜಾಗ

ಪರದೆಯ ಮೂಲೆಗೆ ಮುಖ ಮಾಡಿ ನಿಂತು ಹಾಡಬೇಕೆಂದು ಅನ್ನಿಸುವುದು ಸಹಜ. ಕಾರ್ಡಿಯಾಯ್ಡ್ ಮೈಕಿದ್ದರೆ ಇದಕ್ಕೆ ತಿರುಗುಮುರುಗಾಗಿ ಮಾಡಿ. ಆ ಬಗೆಯ ಮೈಕು ತನ್ನ ಎದುರಿಗಿರುವುದನ್ನು ಕೇಳಿಸಿಕೊಂಡು ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಮೈಕಿನ ಎದುರಿಗೆ ನೀವಿದ್ದೀರಿ, ನಿಮ್ಮ ಹಿಂದೆ ಏನಿದೆಯೋ ಅದನ್ನೂ ಮೈಕು ಕೇಳುತ್ತದೆ. ಹಾಗಾಗಿ ನಿಮ್ಮ ಬೆನ್ನು ಪರದೆಗಳು ಕೂಡುವ ಮೂಲೆಯ ಕಡೆಗಿರಲಿ, ಮೂಲೆಯಿಂದ ಮೂರಡಿಯಾದರೂ ಈಚೆಗೆ. ತೀರ ಮೂಲೆಗೆ ಸರಿದರೆ ಕೆಳದನಿ ಉಬ್ಬುತ್ತದೆ. ಮೈಕಿನ ಹಿಂದೆ, ನಿಮ್ಮ ದನಿ ನೇರವಾಗಿ ಬಡಿಯುವ ಕಡೆ, ಬಟ್ಟೆ ಹರವುವ ಸ್ಟ್ಯಾಂಡಿನ ಮೇಲೆ ಒಂದು ಕಂಬಳಿ ಹಾಕಿ ನಿಲ್ಲಿಸಿದರೆ ಬರಿಗೋಡೆಯಿಂದ ಮರಳುವ ಸದ್ದು ಇನ್ನಷ್ಟು ತಗ್ಗುತ್ತದೆ.

ಇನ್ನುಳಿದದ್ದು ನೆಲ ಮತ್ತು ತಾರಸಿಯ ನಡುವಿನ ಪುಟಿತ. ನೆಲಕ್ಕೆ ಜಮಖಾನ ಹಾಸುವುದು ವಾಡಿಕೆ, ಆದರೆ ನವಲಗುಂದದ ಅಂದವಾದ ಜಮಖಾನವೇ ಆದರೂ ಒಂಟಿಯಾಗಿ ಟೈಲ್ಸ್ ಮೇಲೆ ಹಾಸಿದರೆ ಅದು ಗೋಡೆಗೆ ಅಂಟಿದ ಬಟ್ಟೆಯಂತೆಯೇ. ಕೆಳಗೆ ನಾರಿನ ಚಾಪೆಯನ್ನೋ ಹಳೆಯ ಕಂಬಳಿಯನ್ನೋ ಹಾಸಿ ದಪ್ಪ ಮಾಡಿಕೊಳ್ಳಬೇಕು.

ಐದನೆಯ ಹಂತ: ಕೆಳದನಿಯ ಲೆಕ್ಕ ತೀರಿಸುವುದು

ಹಿಂದೆ ಹೇಳಿದ 125 ಹರ್ಟ್ಸ್ ಅಂಕಿಗೆ ಈಗ ಬರೋಣ. ಅದೇ 18.4 ಚದರ ಮೀಟರ್ ಪರದೆಯಿಂದ ಆ ಸ್ತರದಲ್ಲಿ ಸಿಗುವ ಹೀರಿಕೆ 2.6 ಮಾತ್ರ, ಗೋಡೆಗಳ ಅಲ್ಪಸ್ವಲ್ಪ ಸೇರಿಸಿದರೂ ಸೂತ್ರದ ಪ್ರಕಾರ ಅನುರಣನ ಒಂದೂವರೆ ಸೆಕೆಂಡಿನಷ್ಟು ಉಳಿಯುತ್ತದೆ. ಬಾಗಿಲು, ಬೀರು, ಮಂಚ ಇದ್ದರೆ ನಿಜದಲ್ಲಿ ಅಷ್ಟು ಇರಲಿಕ್ಕಿಲ್ಲ, ಆದರೆ ಮೇಲ್ದನಿಗೂ ಕೆಳದನಿಗೂ ನಡುವಿನ ಈ ಅಸಮತೋಲವೇ ‘ಪರದೆ ಹಾಕಿದ ಮೇಲೆ ದನಿ ಮಂಕಾಯಿತು, ಗವ್ವೆನ್ನುತ್ತಿದೆ’ ಎಂಬ ದೂರಿನ ಮೂಲ. ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ನಡುವೆ ಇರುವುದರಿಂದ ಅವರಿಗೆ ಇದರ ಬಿಸಿ ಹೆಚ್ಚು. ಇಂಥ ಹೊತ್ತಿನಲ್ಲಿ ಇನ್ನಷ್ಟು ಪರದೆ ಹಾಕುವುದು ತಪ್ಪು ಮದ್ದು. ಉಳಿದಿದ್ದ ಹೊಳಪೂ ಹೋಗಿ ಗವ್ವೆನ್ನುವುದು ಹಾಗೆಯೇ ಇರುತ್ತದೆ.

ಕೆಳದನಿಗೆ ಆಳ ಬೇಕು. ಪರದೆಗಳು ಕೂಡುವ ಮೂಲೆಯಲ್ಲಿ, ಪರದೆಯ ಹಿಂದೆ, ನೆಲದಿಂದ ಮೇಲಿನವರೆಗೆ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ) ಹಲಗೆಗಳನ್ನು ಬಟ್ಟೆಯ ಗವುಸಿನಲ್ಲಿ ಮುಚ್ಚಿ ನಿಲ್ಲಿಸುವುದು ಉತ್ತಮ ವಿಧಾನ. ಅದರ ಎಳೆಗಳು ಮೈ ತುರಿಸುವುದರಿಂದ ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡೇ ಮುಟ್ಟಬೇಕು. ಅದಿಲ್ಲದಿದ್ದರೆ ಹಳೆಯ ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ ಒಂದರ ಮೇಲೊಂದು ನಿಲ್ಲಿಸಿ. ಎದುರಿನ ಮೂಲೆಗೂ ಹೀಗೆಯೇ ಮಾಡಿದರೆ ವ್ಯತ್ಯಾಸ ಕಿವಿಗೆ ನಿಲುಕುತ್ತದೆ. ಬರಿಯಾಗಿ ಉಳಿದ ಎರಡು ಗೋಡೆಗಳಲ್ಲಿ ಒಂದಕ್ಕೆ ಪುಸ್ತಕದ ಕಪಾಟು ಇಟ್ಟು, ಪುಸ್ತಕಗಳನ್ನು ಒಂದೇ ಗೆರೆಗೆ ಜೋಡಿಸದೆ ಹಿಂದುಮುಂದಾಗಿ ಬಿಟ್ಟರೆ ಸದ್ದು ಚದುರಿ ಕೋಣೆಗೆ ಒಂದಿಷ್ಟು ಜೀವ ಉಳಿಯುತ್ತದೆ.

ಪರೀಕ್ಷೆ

ಪರದೆ ಏರಿಸುವ ಮೊದಲು ಮತ್ತು ಆಮೇಲೆ, ಮೈಕು, ಅಂತರ, ದನಿಮಟ್ಟ ಯಾವುದನ್ನೂ ಬದಲಿಸದೆ ಒಂದೇ ಪಠ್ಯವನ್ನು ಓದಿ ಮುದ್ರಿಸಿಕೊಳ್ಳಿ. ಪಠ್ಯದಲ್ಲಿ ‘ಟಕ್’, ‘ಚಟ್’, ‘ಪಟ್’ ಎಂದು ಥಟ್ಟನೆ ನಿಲ್ಲುವ ಪದಗಳಿರಲಿ, ಏಕೆಂದರೆ ಕೋಣೆಯ ಅನುರಣನದ ಬಾಲ ಕೇಳಿಸುವುದು ಪದ ನಿಂತ ಮೇಲಿನ ಮೌನದಲ್ಲಿ. ಕನ್ನಡದ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುವುದರಿಂದ ಮಾಮೂಲಿ ಗದ್ಯ ಓದಿದರೆ ಆ ಬಾಲ ಸ್ವರದೊಳಗೆ ಅಡಗಿ ಕುಳಿತು ಮೋಸ ಮಾಡುತ್ತದೆ. ಫ್ಯಾನು ಆರಿಸಿ, ಹೆಡ್‌ಫೋನಿನಲ್ಲಿ ಕೇಳಿ. ಅಂಕಿಗಳೇ ಬೇಕೆನ್ನುವವರಿಗೆ ರೂಮ್ ಇಕ್ಯೂ ವಿಝರ್ಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ; ಅಳತೆಯ ಮೈಕೊಂದು ಇದ್ದರೆ ಪ್ರತಿ ಸ್ತರದ ಅನುರಣನ ಕಾಲವನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ.

ದನಿ ಇನ್ನೂ ಝಣಗುಟ್ಟುತ್ತಿದ್ದರೆ ನೆರಿಗೆ ಸಾಲದು ಅಥವಾ ನೆಲ ಬರಿದಾಗಿದೆ. ಮಂಕಾಗಿದ್ದರೆ ಮೂಲೆಗಳಲ್ಲಿ ನಿಲ್ಲಿಸಿದ್ದು ಸಾಲದು. ಹತ್ತಿಯಲ್ಲಿ ಅದ್ದಿದಂತೆ ತೀರ ಸತ್ತಿದ್ದರೆ ಒಂದೆರಡು ತುಂಡು ಪರದೆಯನ್ನು ಪಕ್ಕಕ್ಕೆ ಸರಿಸಿ ಗೋಡೆ ತೋರಿಸಿ; ಹಾಡುಗಾರರು ಸಾಮಾನ್ಯವಾಗಿ ಇದನ್ನೇ ಬಯಸುತ್ತಾರೆ, ತಮ್ಮ ದನಿ ತಮಗೆ ಕೇಳಿಸದಿದ್ದರೆ ಶ್ರುತಿಯ ಮೇಲೆ ಹಿಡಿತ ತಪ್ಪುತ್ತದೆ. ಅಂಟಿಸಿದ ಫೋಮಿಗಿಂತ ಪರದೆ ಹೆಚ್ಚು ಅನುಕೂಲವಾಗುವುದು ಈ ಸರಿಸುವ ಸೌಕರ್ಯದಿಂದ.

ಜೋಪಾಸನೆ

ಹೀರಿಕೆ ನಡೆಯುವುದು ನೂಲಿನ ನಡುವಿನ ರಂಧ್ರಗಳಲ್ಲಿ, ಧೂಳು ತುಂಬುವುದೂ ಅಲ್ಲೇ. ಹದಿನೈದು ದಿನಕ್ಕೊಮ್ಮೆ ವ್ಯಾಕ್ಯೂಮ್ ಕ್ಲೀನರಿನ ಮೃದು ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಗೋಡೆ ಬೆವರುವುದರಿಂದ ಪರದೆಯ ಹಿಂದೆ ಬೂಷ್ಟು ಹಿಡಿಯುವ ಭಯವಿದೆ. ಬಿಟ್ಟಿರುವ 8 ಅಂಗುಲದ ಅಂತರ ಇಲ್ಲಿ ಗಾಳಿಯಾಡಲೂ ನೆರವಾಗುತ್ತದೆ, ಆದರೂ ಮುದ್ರಣವಿಲ್ಲದ ದಿನಗಳಲ್ಲಿ ಪರದೆಗಳನ್ನು ಒಂದೆಡೆ ಸರಿಸಿ ಫ್ಯಾನು ಹಾಕಿಡುವುದು ಒಳ್ಳೆಯದು. ಕಂಬಳಿಗೆ ಉಣ್ಣೆ ತಿನ್ನುವ ಹುಳುವಿನ ಕಾಟವಿದೆ. ಆಷಾಢಕ್ಕೆ ಮೊದಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ಇಳಿಸಿ, ಕೊಡವಿ, ಕಡುಬಿಸಿಲಿನಲ್ಲಿ ಎರಡೂ ಮಗ್ಗುಲು ಒಣಗಿಸಿ ಮತ್ತೆ ಏರಿಸಿ.